ಬ್ರೊಮೀಲಿಯಾಡ್ ಮರಿ ಬುಡ ಕೊಳೆಯುವುದು ನಿಂತದ್ದು ಹೀಗೆ

ಧಾರವಾಡದ ಮನೆ, ಕುಂಡದಲ್ಲಿ ಗುಜ್ಮೇನಿಯಾ, ಅಂದರೆ ಅನಾನಸ್ ಜಾತಿಯ (ಬ್ರೊಮೀಲಿಯಾಡ್) ಒಂದು ಅಲಂಕಾರದ ಗಿಡ. ಹೂಗೊಂಚಲು ಒಣಗಿದ ಮೇಲೆ ಬಂದ ಮರಿಗಳನ್ನು ಬಿಡಿಸಿ ನೆಟ್ಟರೆ ಹದಿನೈದು ದಿನದಲ್ಲಿ ಬುಡ ಕಂದಾಗಿ ಮೆತ್ತಗಾಗುತ್ತಿತ್ತು. ನಡುವಿನ ಎಲೆ ಎಳೆದರೆ ಕೈಗೇ ಬರುತ್ತಿತ್ತು.

ಬೇರು ಬರಿಸುವ ಪುಡಿ ಹಚ್ಚಿದ್ದು, ದಿನಾ ನೀರು ಹಾಕಿದ್ದು, ಎರೆಮಣ್ಣಿಗೆ ಮರಳು ಬೆರೆಸಿದ್ದು ಯಾವುದೂ ನಡೆಯಲಿಲ್ಲ. ನಮ್ಮ ಎರೆಮಣ್ಣು ಹತ್ತಿಗೆ ಸರಿ, ಇದಕ್ಕಲ್ಲ. ನೀರು ಹಿಡಿದು ಬೇರಿಗೆ ಗಾಳಿ ಆಡಗೊಡುವುದಿಲ್ಲ.

ಫಲ ಕೊಟ್ಟ ಕ್ರಮ: ಮರಿ ತಾಯಿಗಿಡದ ಅರ್ಧ ಎತ್ತರ ಬರುವವರೆಗೆ ಮುಟ್ಟಬಾರದು. ಮೂರು ಇಂಚಿನ ಮರಿ ಕಿತ್ತರೆ ಉಳಿಯುವುದು ಅಪರೂಪ. ಸ್ಪಿರಿಟ್ ಒರೆಸಿದ ಚಾಕುವಿನಿಂದ ತಾಯಿಕಾಂಡಕ್ಕೆ ಒತ್ತಿ ಕತ್ತರಿಸಿ, ಒಂದು ದಿನ ನೆರಳಲ್ಲಿ ಗಾಯ ಒಣಗಿಸಿ. ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಇದ್ದಿಲ ಚೂರು ಒಂದು, ಪರ್ಲೈಟ್ (ಕುಂಡಕ್ಕೆ ಬೆರೆಸುವ ಹಗುರ ಬಿಳಿ ಕಲ್ಲಿನ ಹರಳು) ಒಂದು, ನಾಲ್ಕಿಂಚಿನ ಕುಂಡ.

ಮುಖ್ಯ ಸಂಗತಿ ಆಳ. ಒಂದೇ ಇಂಚು. ಅಲ್ಲಾಡುತ್ತದೆಂದು ಆಳಕ್ಕೆ ಒತ್ತಿದ್ದೇ ಕೊಳೆತಕ್ಕೆ ಕಾರಣ. ಬದಲಿಗೆ ಕಡ್ಡಿ ನೆಟ್ಟು ಸಡಿಲಾಗಿ ಕಟ್ಟಿ. ನಡುವೆ ಎಲೆಗಳು ಸೇರಿ ಆದ ಎಲೆಬಟ್ಟಲಲ್ಲಿ ಸ್ವಲ್ಪವೇ ನೀರು, ವಾರಕ್ಕೊಮ್ಮೆ ಚೆಲ್ಲಿ ಹೊಸದು. ಬೋರ್ ನೀರು ಎಲೆಗೆ ಬಿಳಿ ಕಲೆ ಕೂರಿಸುತ್ತದೆ, ಮಳೆನೀರು ಒಳ್ಳೆಯದು. ನೇರ ಬಿಸಿಲು ಬೀಳದ, ಬೆಳಕಿರುವ ಪಡಸಾಲೆ ಸಾಕು. ಆರು ವಾರಕ್ಕೆ ಮೆಲ್ಲಗೆ ಎಳೆದರೆ ಬಿಗಿ ಸಿಗುತ್ತದೆ.