ಸಿಂಗಲ್ ಫೇಸ್ ಮನೆಯಲ್ಲಿ ತ್ರೀ ಫೇಸ್ ಲೇತ್

ಸೆಕೆಂಡ್ ಹ್ಯಾಂಡ್ ಲೇತ್ (ಲೋಹ ಕಡೆಯುವ ಯಂತ್ರ) ಸಿಕ್ಕಿತು, 2 ಎಚ್‌ಪಿ ತ್ರೀ ಫೇಸ್ ಮೋಟರ್. ಮನೆಯಲ್ಲಿರುವುದು ಸಿಂಗಲ್ ಫೇಸ್. ಕೆಪಾಸಿಟರ್ ಹಾಕಿ ಓಡಿಸು ಎಂದವರೇ ಜಾಸ್ತಿ. ಓಡುತ್ತದೆ, ಆದರೆ ಬಲ ಕಡಿಮೆ, ಮೋಟರ್ ಕಾಯುತ್ತದೆ. ನಾನು ವಿಎಫ್‌ಡಿ ಹಾಕಿದೆ, ಅಂದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ, ಹರ್ಟ್ಸ್ ಬದಲಿಸಿ ಮೋಟರಿನ ವೇಗವನ್ನೂ ಹೊಂದಿಸುವ ಡ್ರೈವ್.

230 ವೋಲ್ಟ್ ವಿಎಫ್‌ಡಿ ಹೊರಗೆ ಕೊಡುವುದೂ 230 ವೋಲ್ಟೇ, ಮೂರು ಫೇಸ್‌ನಲ್ಲಿ. ಮೋಟರ್ ಇದ್ದದ್ದು 415 ವೋಲ್ಟ್ ಸ್ಟಾರ್‌ನಲ್ಲಿ, ಅಂದರೆ ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಟ್ಟಿಗೆ ಸೇರಿರುವ ಜೋಡಣೆ. 230 ವೋಲ್ಟ್‌ಗೆ ಅದನ್ನು ಡೆಲ್ಟಾಗೆ, ಅಂದರೆ ವೈಂಡಿಂಗ್‌ಗಳು ತ್ರಿಕೋನದಂತೆ ಸೇರುವ ಜೋಡಣೆಗೆ, ಬದಲಿಸಬೇಕು. ಟರ್ಮಿನಲ್ ಬಾಕ್ಸ್ ಬಿಚ್ಚಿದೆ: ಎರಡು ಸಾಲಿನಲ್ಲಿ ಆರು ಬೋಲ್ಟ್, ಒಂದು ಸಾಲಿನ ಮೂರನ್ನು ಸೇರಿಸಿದ್ದ ಎಣ್ಣೆ ಹಿಡಿದ ಹಿತ್ತಾಳೆ ಪಟ್ಟಿ. ಪಟ್ಟಿಗಳನ್ನು ತೆಗೆದು ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ ನೇರವಾಗಿ ಹಾಕಿದರೆ ಡೆಲ್ಟಾ, ಅಷ್ಟೇ. ಬಾಕ್ಸಿನಲ್ಲಿ ಮೂರೇ ವೈರ್ ಇದ್ದರೆ ಮಾತ್ರ ವೈಂಡಿಂಗ್ ಅಂಗಡಿಯ ದಾರಿ ಹಿಡಿಯಬೇಕು.

ಡೆಲ್ಟಾದಲ್ಲಿ ಕರೆಂಟ್ ಸ್ಟಾರ್‌ನಲ್ಲಿ ಇದ್ದದ್ದರ 1.73 ಪಟ್ಟು. ವಿಎಫ್‌ಡಿಯಲ್ಲಿ ಓವರ್‌ಲೋಡ್ ಸೆಟ್ ಮಾಡುವಾಗ ಆ ಲೆಕ್ಕವನ್ನೇ ಹಾಕಿ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಎಂಸಿಬಿ, 4 ಚದರ ಮಿಲಿಮೀಟರ್ ವೈರ್ ಎಳೆಸಿದೆ. ಅರ್ತಿಂಗ್ ಸುಮ್ನೆ ಬಿಡುವ ವಿಷಯವಲ್ಲ. ಲೇತಿನ ಹಳೆಯ ಸ್ವಿಚ್ಚನ್ನು ವಿಎಫ್‌ಡಿ ಮತ್ತು ಮೋಟರ್ ನಡುವೆ ಇಡಬಾರದು, ಓಡುವಾಗ ಆಫ್ ಮಾಡಿದರೆ ಡ್ರೈವ್ ಸುಟ್ಟುಹೋಗಬಹುದು. ಆ ಸ್ವಿಚ್ಚನ್ನು ವಿಎಫ್‌ಡಿಗೆ ಆನ್-ಆಫ್ ಸೂಚನೆ ಕೊಡುವ ಕಂಟ್ರೋಲ್ ವೈರಿಗೆ ಕೊಟ್ಟೆ.

ಈಗ ಮೆತ್ತಗೆ ಸ್ಟಾರ್ಟ್ ಆಗುತ್ತದೆ, ಮನೆಯ ಲೈಟ್ ಮಿಣುಕುವುದಿಲ್ಲ. 20 ಹರ್ಟ್ಸ್‌ಗಿಂತ ಕೆಳಗೆ ಜಾಸ್ತಿ ಹೊತ್ತು ಓಡಿಸುವುದಿಲ್ಲ, ವೇಗ ಕಡಿಮೆಯಾದಾಗ ಮೋಟರಿನ ಫ್ಯಾನ್ ಗಾಳಿ ಸಾಲುವುದಿಲ್ಲ.