ಕ್ವೆರಿಯ ಫಲಿತಾಂಶದಿಂದಲೇ ಹೊಸ ಟೇಬಲ್

ಮಲ್ಪೆ ಬಂದರಿನ ಮೀನು ಹರಾಜಿನ ಲೆಕ್ಕ ಡೇಟಾಬೇಸ್‌ನಲ್ಲಿ ಇಡುವವರಿಗೆ, ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ಫಲಿತಾಂಶವನ್ನೇ ಹೊಸ ಟೇಬಲ್ ಮಾಡುವ ಈ ವಿಧಾನ ಉಪಯೋಗಕ್ಕೆ ಬರುತ್ತದೆ. ದೊಡ್ಡ ಟೇಬಲ್‌ನಿಂದ ಬಂಗುಡೆಯ ಸಾಲುಗಳಷ್ಟೇ ಬೇಕು ಅಂತಾದರೆ, ಸುಮ್ನೆ ಎಕ್ಸೆಲ್‌ಗೆ ಇಳಿಸಿ ಮತ್ತೆ ಏರಿಸಬೇಡಿ. 'ಕ್ರಿಯೇಟ್ ಟೇಬಲ್ ಬಂಗುಡೆ ಆಸ್' ಎಂದು ಬರೆದು ಮುಂದೆ ಸಾಲುಗಳನ್ನು ಆರಿಸುವ ನಿಮ್ಮ ಸೆಲೆಕ್ಟ್ ಕ್ವೆರಿ ಸೇರಿಸಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್ ಮೂರೂ ಡೇಟಾಬೇಸ್‌ಗಳಲ್ಲಿ ನಡೆಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಾದರೆ 'ಸೆಲೆಕ್ಟ್ ಇನ್‌ಟು' ಬಳಸಿ.

ಜಾಸ್ತಿ ಗಮನ ಬೇಕಾದದ್ದು ಇಲ್ಲಿ. ಹೊಸ ಟೇಬಲ್‌ಗೆ ಕಾಲಂ ಹೆಸರು, ಡೇಟಾ ಟೈಪ್, ಸಾಲುಗಳು ಬರುತ್ತವೆ. ಪ್ರೈಮರಿ ಕೀ (ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಕಾಲಂ), ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಬರುವುದಿಲ್ಲ. ಅವನ್ನು ಕೈಯಾರೆ ಸೇರಿಸಲೇಬೇಕು. ಇಲ್ಲದಿದ್ದರೆ ಒಂದೇ ಬೋಟಿನ ಲೆಕ್ಕ ಎರಡು ಸಲ ನುಗ್ಗಿದರೂ ತಡೆಯುವುದಿಲ್ಲ. ಮೂಲ ಟೇಬಲ್ ಬದಲಾದರೂ ಹೊಸದು ಹಾಗೇ ಇರುತ್ತದೆ. ದಿನದಿನದ ಲೆಕ್ಕ ಬೇಕಿದ್ದರೆ ವ್ಯೂ (ನೋಡಿದಾಗಲೆಲ್ಲ ಮೂಲ ಟೇಬಲ್‌ನಿಂದ ಓದುವ, ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡುವುದೇ ಒಳ್ಳೆಯದು. ಸಾಲುಗಳಿಲ್ಲದ ಖಾಲಿ ಟೇಬಲ್ ಸಾಕಾದರೆ ಕ್ವೆರಿಯಲ್ಲಿ ಎಂದೂ ನಿಜವಾಗದ 'ವೇರ್ 1=0' ಷರತ್ತು ಹಾಕಿ; ಮೊದಲೇ ಬೇರೆ 'ವೇರ್' ಇದ್ದರೆ ಅದರ ಬದಲಿಗೆ ಇದನ್ನು ಬರೆಯಿರಿ.