ಮಧ್ಯಾಹ್ನದ ಬಿಸಿಲಲ್ಲಿ ಐಸ್, ಸಂಜೆ ಹಾಲಿಗೆ ತಂಪು: ಸೋಮವಾರಪೇಟೆ ಕಡೆ ನಾವು ಮಾಡಿಕೊಂಡ ವ್ಯವಸ್ಥೆ

ಕೊಡಗಿನ ತೋಟದ ಮನೆಗಳಲ್ಲಿ ಕೆಡುವ ಹಾಲು ಹೆಚ್ಚಾಗಿ ಸಂಜೆಯದು. ಬೆಳಗಿನ ಹಾಲು ಕರೆದ ಒಂದು ಗಂಟೆಯೊಳಗೆ ಗಾಡಿ ಹತ್ತುತ್ತದೆ. ಸಂಜೆಯ ಗಾಡಿ ಇಲ್ಲದ ಕಡೆ ಐದೂಕಾಲಿಗೆ ಕರೆದ ಹಾಲು ಮರುದಿನ ಆರೂವರೆಯವರೆಗೆ, ಅಂದರೆ ಹದಿಮೂರು ಗಂಟೆ, ಮನೆಯಲ್ಲೇ ಇರಬೇಕು. 30 ಡಿಗ್ರಿ ಮೇಲಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಹಾಗಾಗಿ ನಾವು ತಂಪು ಮಾಡಲು ಹೊರಟದ್ದು ಸಂಜೆಯ 60 ಲೀಟರ್ ಮಾತ್ರ. ಬೆಳಗಿನ ಹಾಲನ್ನು ಮುಟ್ಟಲಿಲ್ಲ. ಈ ಒಂದು ತೀರ್ಮಾನದಿಂದಲೇ ಸೋಲಾರ್ ಪ್ಯಾನೆಲ್, ಫ್ರೀಜರ್, ಬ್ಯಾಟರಿ ಎಲ್ಲದರ ಗಾತ್ರ ಅರ್ಧಕ್ಕಿಳಿಯಿತು.

ಎರಡನೆಯ ತೀರ್ಮಾನ, ಕರೆಂಟನ್ನು ಕೂಡಿಡುವುದಲ್ಲ, ತಂಪನ್ನು ಕೂಡಿಡುವುದು. ಸೋಲಾರ್ ಎಂದೊಡನೆ ಎಲ್ಲರೂ ಕೇಳುವುದು ಬ್ಯಾಟರಿ ಎಷ್ಟು ದೊಡ್ಡದು ಎಂದು. ಬಿಸಿಲಿರುವಾಗ ಐಸ್ ಕಟ್ಟಿಟ್ಟುಕೊಂಡರೆ ಸಂಜೆ ಕಂಪ್ರೆಸರ್ ಓಡಿಸುವ ಕೆಲಸವೇ ಇಲ್ಲ. ಐಸ್‌ಗೆ ಆಯಸ್ಸು ಮುಗಿಯುವ ಭಯವೂ ಇಲ್ಲ. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದವರು ಟುನೀಷಿಯಾ, ಕೀನ್ಯಾದ ಸಣ್ಣ ರೈತರಿಗೆ ಮಾಡಿಕೊಟ್ಟದ್ದೂ ಇದೇ ದಾರಿ: ಸೋಲಾರ್ ಫ್ರೀಜರ್, ಐಸ್ ಡಬ್ಬಿ, 30 ಲೀಟರಿನ ಕ್ಯಾನ್.

ಲೆಕ್ಕ ಹೀಗೆ. 60 ಲೀಟರ್ ಹಾಲು ಸುಮಾರು 62 ಕಿಲೋ ತೂಗುತ್ತದೆ. ಒಂದು ಡಿಗ್ರಿ ಇಳಿಸಲು 240 ಕಿಲೋಜೂಲ್ ಶಾಖ ತೆಗೆಯಬೇಕು. 35 ಡಿಗ್ರಿಯಿಂದ 4ಕ್ಕೆ ನೇರ ಇಳಿಸಿದರೆ ಸುಮಾರು 7,500 ಕಿಲೋಜೂಲ್. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಹೀರುತ್ತದೆ, ಆ ಪ್ರಕಾರ 22 ಕಿಲೋ ಐಸ್ ಬೇಕು. ಆದರೆ ನಮ್ಮಲ್ಲಿ ಒರತೆ ನೀರು ಪುಕ್ಕಟೆ ಇದೆ, ಅದೂ 20-21 ಡಿಗ್ರಿಯಲ್ಲಿ. ಮೊದಲು ಅದರಲ್ಲಿ ಹಾಲನ್ನು 23ಕ್ಕೆ ಇಳಿಸಿಕೊಂಡರೆ ಉಳಿಯುವುದು 19 ಡಿಗ್ರಿ, 14 ಕಿಲೋ ಐಸ್ ಸಾಕು. ಕ್ಯಾನಿನ ಶಾಖ, ತೊಟ್ಟಿಯ ಗೋಡೆಯಿಂದ ಒಳಬರುವ ಶಾಖ, ಮುಚ್ಚಳ ತೆಗೆದು ಹಾಕುವ ನಷ್ಟ ಎಲ್ಲಕ್ಕೂ ಶೇ. 40 ಸೇರಿಸಿ ದಿನಕ್ಕೆ 20 ಕಿಲೋ ಎಂದು ಇಟ್ಟುಕೊಂಡೆವು. ಅದಕ್ಕೆ ಫ್ರೀಜರ್ ತಿನ್ನುವುದು, ಪೆಟ್ಟಿಗೆಯ ಸ್ವಂತ ನಷ್ಟವೂ ಸೇರಿ, ಎರಡರಿಂದ ಎರಡೂಕಾಲು ಯೂನಿಟ್.

ಒರತೆ ನೀರಿನ ತೊಟ್ಟಿಗೆ ಖರ್ಚೇ ಇಲ್ಲ, ಆದರೂ ಬಹಳ ಜನ ಇದನ್ನೇ ಬಿಡುತ್ತಾರೆ. ಸಿಮೆಂಟ್ ತೊಟ್ಟಿಯಲ್ಲಿ ಕ್ಯಾನುಗಳನ್ನು ಕುತ್ತಿಗೆಯವರೆಗೆ ಮುಳುಗುವಂತೆ ಇಟ್ಟು, ಕೆಳಗಿನಿಂದ ನಿಮಿಷಕ್ಕೆ ಹತ್ತು ಲೀಟರಿನಂತೆ ನೀರು ಬಿಟ್ಟು, ಮೇಲಿನ ತೂತಿನಿಂದ ಹೊರಗೆ ಹರಿಯಬಿಡಿ. ಅರ್ಧ ಗಂಟೆಗೆ 300 ಲೀಟರ್. ಹೊರಬಂದ ನೀರು ನೇರ ಹಸುಗಳು ಕುಡಿಯುವ ಬಾನಿಗೆ ಹೋಗುತ್ತದೆ. ಮಳೆಗಾಲದ ಚಳಿಯಲ್ಲಿ ಅವು ಉಗುರುಬೆಚ್ಚಗಿನ ನೀರನ್ನು ಹೆಚ್ಚು ಕುಡಿಯುತ್ತವೆ. ಹಾಲನ್ನೇ ಸ್ಟೀಲ್ ಸುರುಳಿಯೊಳಗೆ ಹರಿಸುವ ಉಪಾಯವೂ ಇದೆ, ಬೇಗ ತಣಿಯುತ್ತದೆ. ಆದರೆ ಸುರುಳಿಯ ಒಳಗೆ ಕಟ್ಟುವ ಹಾಲಿನ ಪದರ ತೆಗೆಯಲು ಮನೆಮಟ್ಟದಲ್ಲಿ ಸಾಧ್ಯವಿಲ್ಲ.

ಫ್ರೀಜರ್ 300 ಲೀಟರಿನ ಹಾರ್ಡ್ ಟಾಪ್, ಮೇಲೆ ತೆರೆಯುವಂಥದು. ಗಾಜಿನ ಮುಚ್ಚಳದ್ದು ಬೇಡ. ಒಳಗೆ ಆಯತಾಕಾರದ 24 ಸ್ಟೀಲ್ ಡಬ್ಬಿ, ಒಂದೊಂದು 2 ಲೀಟರಿನದು. ತುಂಬುವುದು 1.8 ಲೀಟರ್ ಮಾತ್ರ, ಏಕೆಂದರೆ ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಪೂರ್ತಿ ತುಂಬಿದ ಡಬ್ಬಿಯ ಹೊಲಿಗೆ ಬಿಡುವುದು ಖಚಿತ. ಡಬ್ಬಿಗಳ ನಡುವೆ ಎರಡು ಬೆರಳು ಸಂದು ಇರಬೇಕು, ಒತ್ತಿ ಜೋಡಿಸಿದರೆ ನಡುವಿನವು ಎರಡು ದಿನವಾದರೂ ಕಟ್ಟುವುದಿಲ್ಲ. ದಿನಕ್ಕೆ ಬಳಸುವುದು 11, ಹಾಗಾಗಿ ಡಬ್ಬಿಗಳಿಗೆ ಕೆಂಪು, ನೀಲಿ ಬಣ್ಣ ಬಳಿದಿದ್ದೇವೆ: ಒಂದು ದಿನ ಕೆಂಪು, ಮರುದಿನ ನೀಲಿ. ಮೇಲೆ ಗಟ್ಟಿಯಾಗಿ ಒಳಗೆ ನೀರಿರುವ ಡಬ್ಬಿ ಮೋಸ ಮಾಡುತ್ತದೆ. ಅಲುಗಾಡಿಸಿ ಕುಲುಕಿದರೆ ತಿಳಿಯುತ್ತದೆ.

ಫ್ರೀಜರಿನ ಮೂಲ ಥರ್ಮೋಸ್ಟಾಟ್ ಮೈನಸ್ 18ಕ್ಕೆ ಎಳೆಯುತ್ತದೆ. ಐಸ್ ಕಟ್ಟಲು ಅಷ್ಟು ಬೇಡ. ಹೊರಗಿನಿಂದ ಡಿಜಿಟಲ್ ಥರ್ಮೋಸ್ಟಾಟ್ ಹಾಕಿ ಮೈನಸ್ 8ಕ್ಕೆ ನಿಲ್ಲಿಸಿ. ಹೆಚ್ಚು ತಣ್ಣಗಾದಷ್ಟೂ ಅದೇ ಒಂದು ಯೂನಿಟ್‌ಗೆ ಸಿಗುವ ಐಸ್ ಕಡಿಮೆ. ಕರಗಿದ ಡಬ್ಬಿಯ ನೀರು ಚೆಲ್ಲಿ ಹೊಸದು ತುಂಬಬೇಡಿ. ಬೆಳಿಗ್ಗೆ ಕ್ಯಾನ್ ಹೋದ ಮೇಲೆ 4-5 ಡಿಗ್ರಿಯಲ್ಲಿರುವ ಆ ಡಬ್ಬಿಗಳೇ ಒರೆಸಿಕೊಂಡು ಫ್ರೀಜರಿಗೆ ವಾಪಸ್ ಹೋಗಬೇಕು. ಒದ್ದೆ ಡಬ್ಬಿ ಇಟ್ಟರೆ ಗೋಡೆಗೆ ಹಿಮ ಕಟ್ಟುತ್ತದೆ. ಅದನ್ನು ಕತ್ತಿ, ಚಾಕುಗಳಿಂದ ಕೆರೆದರೆ ಒಳಗಿನ ಕೊಳವೆ ತೂತಾಗುತ್ತದೆ. ಈಗಿನ ಫ್ರೀಜರುಗಳ ಕೊಳವೆಯಲ್ಲಿ ತಂಪು ಮಾಡಲು ತುಂಬಿರುವ ಆರ್-600ಎ, ಆರ್-290 ಎರಡೂ ಉರಿಯುವ ಅನಿಲ, ನೆನಪಿರಲಿ.

ಫ್ರೀಜರನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಗಂಜಲದ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಮೊದಲು ಹಸಿರುಗಟ್ಟುವುದು ಕೊಳವೆಯ ಬೆಸುಗೆ. ಸ್ಟೋರ್ ರೂಮಿನಲ್ಲಿ, ಗೋಡೆಯಿಂದ ಒಂದು ಗೇಣು ದೂರ, ಗಾಳಿಯಾಡುವಂತೆ ಇರಲಿ.

ಪ್ಯಾನೆಲ್ ಎಲ್ಲಿ ಹಾಕುವುದು ಎಂಬುದೇ ಕಾಫಿ ತೋಟದಲ್ಲಿ ದೊಡ್ಡ ಪ್ರಶ್ನೆ. ಎಲ್ಲೆಲ್ಲೂ ಸಿಲ್ವರ್ ಓಕ್, ಹಾಲವಾಣದ ನೆರಳು. ಸರಣಿಯಲ್ಲಿರುವ ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಹೋಯಿತು. ತೋಟದಲ್ಲಿ ನಿಜವಾಗಿ ಬಿಸಿಲು ಬೀಳುವ ಜಾಗ ಕಾಫಿ ಒಣಗಿಸುವ ಕಣ ಒಂದೇ. ಅದರ ಉತ್ತರದ ಅಂಚಿನಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ದಕ್ಷಿಣಕ್ಕೆ 15 ಡಿಗ್ರಿ ಓರೆ ಕೊಟ್ಟೆವು. ಕಾಫಿ ಒಣಗುವ ಡಿಸೆಂಬರ್-ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣದಲ್ಲಿರುವುದರಿಂದ ಸ್ಟ್ಯಾಂಡಿನ ನೆರಳು ಕಣದ ಆಚೆಗೆ ಬೀಳುತ್ತದೆ, ಕಾಫಿಗೆ ತೊಂದರೆಯಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ಕಾಫಿಯ ಧೂಳು ಕೂರುತ್ತದೆ, ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ತೊಳೆಯಿರಿ. ಮಳೆಗಾಲ ಮುಗಿದಾಗ ಚೌಕಟ್ಟಿನ ಕೆಳ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಮೆತ್ತನೆಯ ನಾರು ಸಾಕು, ಕಬ್ಬಿಣದ ಬ್ರಷ್ ಬೇಡ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿಸುವಾಗ ಕಣದ ಸುತ್ತಲಿನ ಕೊಂಬೆಗಳನ್ನೂ ಸೇರಿಸಿಕೊಂಡರೆ ಬೇರೆ ಖರ್ಚಿಲ್ಲ.

ಪ್ಯಾನೆಲ್ ಎರಡು, ತಲಾ 550 ವ್ಯಾಟ್, ಸರಣಿಯಲ್ಲಿ. ಇಲ್ಲಿ ಒಂದು ಹೊಂಡವಿದೆ. ಒಂದೊಂದರ ತೆರೆದ ವೋಲ್ಟೇಜ್, ಅಂದರೆ ಏನನ್ನೂ ಓಡಿಸದೆ ಇರುವಾಗಿನದು, ಸುಮಾರು 50, ಎರಡು ಸೇರಿ 100. ಪ್ಯಾನೆಲ್ಲಿನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಕಂಟ್ರೋಲರ್ ‘100 ವೋಲ್ಟ್‌ವರೆಗೆ’ ಎಂದು ಬರೆದದ್ದೇ ಸಾಕೆನಿಸುತ್ತದೆ. ಆದರೆ ಚಳಿ ಹೆಚ್ಚಿದಂತೆ ಪ್ಯಾನೆಲ್ಲಿನ ವೋಲ್ಟೇಜ್ ಏರುತ್ತದೆ. ಜನವರಿಯ ಬೆಳಿಗ್ಗೆ 10 ಡಿಗ್ರಿಯಲ್ಲಿ 104 ದಾಟುತ್ತದೆ, ಕಂಟ್ರೋಲರ್ ಸುಡುತ್ತದೆ. 150 ವೋಲ್ಟ್, 40 ಆಂಪಿಯರಿನ ಎಂಪಿಪಿಟಿ (ಪ್ಯಾನೆಲ್ಲಿನಿಂದ ಸಿಗುವಷ್ಟೂ ಕರೆಂಟ್ ಎಳೆದುಕೊಳ್ಳುವ) ಕಂಟ್ರೋಲರನ್ನೇ ತನ್ನಿ. ಕಣದಿಂದ ಸ್ಟೋರ್ ರೂಮಿಗೆ 25 ಮೀಟರ್. ಸರಣಿಯಲ್ಲಿ 13 ಆಂಪಿಯರ್ ಹರಿಯುವುದರಿಂದ 6 ಚದರ ಮಿಲಿಮೀಟರ್ ತಾಮ್ರದ ಡಿಸಿ ಕೇಬಲ್‌ನಲ್ಲಿ ನಷ್ಟ ಶೇ. 3ರೊಳಗೆ ನಿಲ್ಲುತ್ತದೆ. ಅದೇ ಎರಡನ್ನೂ ಸಮಾಂತರ ಜೋಡಿಸಿದ್ದರೆ ಅಷ್ಟೇ ಕೇಬಲ್‌ನಲ್ಲಿ ಶೇ. 10ರಷ್ಟು ದಾರಿಯಲ್ಲೇ ಹೋಗುತ್ತಿತ್ತು.

ಬ್ಯಾಟರಿ 25.6 ವೋಲ್ಟ್, 50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್. ಇದರ ಕೆಲಸ ಮೋಡ ಅಡ್ಡ ಬಂದಾಗ ಹತ್ತಿಪ್ಪತ್ತು ನಿಮಿಷ ದೂಡುವುದು ಮತ್ತು ಕಂಪ್ರೆಸರ್ ಎದ್ದೇಳುವಾಗ ಒತ್ತಾಸೆ ಕೊಡುವುದು, ಅಷ್ಟೆ. ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕೇಳಬಹುದು. ಬ್ಯಾಟರಿ ಕಡೆ ಅದು 70-80 ಆಂಪಿಯರ್. 50 ಆಂಪಿಯರಿನ ಸುರಕ್ಷಾ ಬೋರ್ಡ್ ಇರುವ ಬ್ಯಾಟರಿ ಆಗ ತನ್ನಷ್ಟಕ್ಕೆ ಕಡಿದುಕೊಳ್ಳುತ್ತದೆ, ನೋಡಿದವರಿಗೆ ಇನ್ವರ್ಟರ್ ಕೆಟ್ಟಂತೆ ಕಾಣುತ್ತದೆ. ನಮಗೆ ಮೊದಲು ಕೈಕೊಟ್ಟದ್ದು ಇದೇ. 100 ಆಂಪಿಯರ್ ಬೋರ್ಡಿನದು ಹಾಕಿದ ಮೇಲೆ ಸರಿಹೋಯಿತು. ಇನ್ವರ್ಟರ್ ಶುದ್ಧ ಸೈನ್ ತರಂಗದ 1.5 ಕೆವಿಎ. ಹೊಸದಾಗಿ ಕೊಳ್ಳುವವರು ಇನ್ವರ್ಟರ್ ಕಂಪ್ರೆಸರ್ (ವೇಗವನ್ನು ತಾನೇ ಹೆಚ್ಚು-ಕಡಿಮೆ ಮಾಡಿಕೊಳ್ಳುವುದು) ಇರುವ ಫ್ರೀಜರನ್ನೇ ಕೊಂಡರೆ ಈ ರಗಳೆಯೇ ಇಲ್ಲ, ಅದು ಮೆಲ್ಲಗೆ ಏಳುತ್ತದೆ.

ಕಂಪ್ರೆಸರ್ ನಿಂತ ಮೇಲೆ ಐದು ನಿಮಿಷ ಬಿಡದೆ ಮತ್ತೆ ಚಾಲೂ ಆಗಬಾರದು. ಒಳಗಿನ ಒತ್ತಡ ಸಮವಾಗದೆ ಮೋಟಾರು ತಡೆದು ನಿಂತು ಬಿಸಿಯಾಗುತ್ತದೆ. ಆದ್ದರಿಂದ ಅಷ್ಟು ಹೊತ್ತು ತಡೆದು ಚಾಲೂ ಮಾಡುವ ಡಿಲೇ ರಿಲೇ ಕಡ್ಡಾಯ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಟೈಮರ್, ನಂತರ ಇನ್ವರ್ಟರನ್ನೇ ಬಂದ್ ಮಾಡುತ್ತೇವೆ. ಸುಮ್ಮನೆ ಉರಿಯುವ ಇನ್ವರ್ಟರ್ 25 ವ್ಯಾಟ್ ತಿಂದರೂ ದಿನಕ್ಕೆ ಅರ್ಧ ಯೂನಿಟ್‌ಗಿಂತ ಹೆಚ್ಚು, ಅಂದರೆ ನಾಲ್ಕೈದು ಕಿಲೋ ಐಸ್. ರಿಲೇ ಪೆಟ್ಟಿಗೆಯಲ್ಲಿ ವೈರ್ ಹೋಗುವ ತೂತುಗಳನ್ನು ಗ್ಲ್ಯಾಂಡ್ (ವೈರ್ ಸುತ್ತ ಬಿಗಿಯುವ ಬಿರಡೆ) ಹಾಕಿ ಮುಚ್ಚಿ, ಇರುವೆಗಳು ಸಂಪರ್ಕದ ನಡುವೆ ಸತ್ತು ರಿಲೇ ಕೆಡಿಸುತ್ತವೆ. ಏಪ್ರಿಲ್-ಮೇ ಸಿಡಿಲಿಗೆ ಡಿಸಿ ಕಡೆ ಸರ್ಜ್ ರಕ್ಷಕ ಮತ್ತು ಪ್ರತ್ಯೇಕ ಅರ್ಥಿಂಗ್ ಬೇಕೇ ಬೇಕು. ಸಿಡಿಲು ಹೆಚ್ಚುವ ಹೊತ್ತಿಗೇ ನೆಲ ಒಣಗಿರುತ್ತದೆ, ಅರ್ಥ್ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕಿ.

ಸಂಜೆಯ ಕೆಲಸ: ಕರೆದ ಹಾಲು ಸೋಸಿ, 30 ಲೀಟರಿನ ಎರಡು ಕ್ಯಾನ್ ತುಂಬಿ, ಒರತೆ ತೊಟ್ಟಿಯಲ್ಲಿ ಅರ್ಧ ಗಂಟೆ. ಅಲ್ಲಿಂದ ಐಸ್ ತೊಟ್ಟಿಗೆ. ಇದು 50 ಮಿಲಿಮೀಟರ್ ಪಫ್ (ಶಾಖ ತಡೆಯುವ ಫೋಮ್) ಹೊದಿಸಿದ 200 ಲೀಟರಿನ ತೊಟ್ಟಿ. ಒಳಗೆ ಸುಮಾರು 80 ಲೀಟರ್ ನೀರು, 11 ಡಬ್ಬಿ, ಎರಡು ಕ್ಯಾನ್. ನೀರಿನ ಮಟ್ಟ ಹಾಲಿನ ಮಟ್ಟಕ್ಕಿಂತ ಮೇಲಿರಲಿ. 20 ವ್ಯಾಟಿನ ಡಿಸಿ ಪಂಪ್ ಒಂದು ನೀರನ್ನು ಸುತ್ತಿಸುತ್ತಿರಬೇಕು, ಇಲ್ಲವಾದರೆ ಕ್ಯಾನಿನ ಮೈಗೆ ಬೆಚ್ಚನೆಯ ನೀರೇ ಅಂಟಿಕೊಂಡು ಒಂದೂವರೆ ಗಂಟೆಯ ಕೆಲಸ ಮೂರು ಗಂಟೆ ದಾಟುತ್ತದೆ. ಹಾಲನ್ನು ಹತ್ತು ನಿಮಿಷಕ್ಕೊಮ್ಮೆ ಕೈಸೌಟಿನಿಂದ ನಿಧಾನ ಮೇಲೆ-ಕೆಳಗೆ ಮಾಡಿ. ಕಡೆದಂತೆ ಕಲಕಿದರೆ ಕೊಬ್ಬಿನ ಕಣ ಒಡೆದು ಬೆಳಿಗ್ಗೆ ಕಮಟು ವಾಸನೆ. ಅರ್ಧ ತುಂಬಿದ ಕ್ಯಾನ್ ತೇಲಿ ಮಗುಚುತ್ತದೆ, ಅಡ್ಡಪಟ್ಟಿ ಹಾಕಿ ಒತ್ತಿಡಿ. ತಾಪಮಾನ ನೋಡುವುದು ಕ್ಯಾನಿನ ನಡುಭಾಗದಲ್ಲಿ, ಅಂಚಿನಲ್ಲಿ ಅಲ್ಲ. ಏಳೂಕಾಲರ ಹೊತ್ತಿಗೆ 4-5 ಡಿಗ್ರಿ ಕಾಣಬೇಕು. ತಣಿದ ಕ್ಯಾನಿಗೆ ಆಮೇಲೆ ಬಂದ ಬಿಸಿ ಹಾಲು ಸುರಿಯಕೂಡದು.

ಈಗ ಹೊಗೆಯ ಲೆಕ್ಕ. ನಮ್ಮ ದೇಶದ ಗ್ರಿಡ್‌ನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಎರಡೂಕಾಲು ಯೂನಿಟ್ ಎಂದರೆ ದಿನಕ್ಕೆ 1.6 ಕಿಲೋ. ಸೋಲಾರಿನಿಂದ ಉಳಿಯುವುದು ಇಷ್ಟೇ, ಸಂಜೆ ಜನರೇಟರ್ ಓಡಿಸುವವರಿಗೆ ಲೀಟರ್ ಡೀಸೆಲ್‌ಗೆ 2.7 ಕಿಲೋ. ಹಸುವಿನ ಮೀಥೇನ್, ಹಿಂಡಿ, ಗೊಬ್ಬರ ಎಲ್ಲ ಸೇರಿ ಒಂದು ಲೀಟರ್ ಹಾಲಿನ ಹಿಂದೆ ಕಿಲೋಗಿಂತ ಹೆಚ್ಚಿನ ಹೊಗೆ ಆಗಲೇ ಖರ್ಚಾಗಿರುತ್ತದೆ. ಒಂದು ಕ್ಯಾನ್ ಹಾಲು ಒಡೆದು ಚೆಲ್ಲಿದರೆ ಮೂರು ವಾರದ ಸೋಲಾರ್ ಉಳಿತಾಯ ಚೆಲ್ಲಿದಂತೆ. ಇನ್ನೊಂದು ಕಡೆ, ಅಗ್ಗಕ್ಕೆ ಸಿಗುವ ಹಳೆಯ ಕೂಲರುಗಳಲ್ಲಿ ಆರ್-404ಎ ಅನಿಲ ಇರುತ್ತದೆ. ಅದರ ಒಂದು ಕಿಲೋ ಸೋರಿದರೆ 3,900 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಅಂದರೆ ನಮ್ಮ ಪ್ಯಾನೆಲ್ಲುಗಳ ಆರೇಳು ವರ್ಷಕ್ಕೂ ಮೀರಿದ ದುಡಿಮೆ. ಆರ್-600ಎ, ಆರ್-290ಗಳಲ್ಲಿ ಅದೇ ಅಂಕಿ 3ರ ಆಸುಪಾಸು, ತುಂಬಿರುವುದೂ ಹೆಚ್ಚೆಂದರೆ ನೂರು-ನೂರೈವತ್ತು ಗ್ರಾಂ. ಸೋಲಾರ್ ಹಾಕುವ ಮೊದಲು ಕೂಲರಿನ ಹಿಂದಿನ ಚೀಟಿ ಓದಿ ಎನ್ನುವುದು ಇದಕ್ಕೇ.

ಜೂನ್‌ನಿಂದ ಆಗಸ್ಟ್‌ವರೆಗೆ, ಅದರಲ್ಲೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು ಕಕ್ಕಡದಲ್ಲಿ, 1,100 ವ್ಯಾಟ್ ಪ್ಯಾನೆಲ್ ಈ ಕೆಲಸಕ್ಕೆ ಸಾಲದು. ಆಗ ಸೋಲಾರಿನಿಂದ ಲೈನಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ತಿರುಗಿಸಿ, ಹಗಲಾಗಲಿ ರಾತ್ರಿಯಾಗಲಿ, ಲೈನ್ ಕರೆಂಟ್ ಇದ್ದಷ್ಟು ಹೊತ್ತೂ ಫ್ರೀಜರ್ ಓಡಿಸುತ್ತೇವೆ. ಪ್ಯಾನೆಲ್ ಬ್ಯಾಟರಿಯನ್ನೂ ಪಂಪನ್ನೂ ನೋಡಿಕೊಳ್ಳುತ್ತದೆ. 24 ಡಬ್ಬಿಯೂ ಕಟ್ಟಿದ್ದರೆ 43 ಕಿಲೋ ಐಸ್, ಎರಡು ಸಂಜೆ ಕರೆಂಟ್ ಇಲ್ಲದಿದ್ದರೂ ಹಾಲು ನಿಲ್ಲುತ್ತದೆ. ಮೂರನೆಯ ಸಂಜೆಗೆ ಒರತೆ ನೀರೊಂದೇ ಗತಿ. ಹಾಲು 22ರಲ್ಲಿ ನಿಲ್ಲುತ್ತದೆ, ಹಾಗಾಗಿ ಅವತ್ತಿನ ಹಾಲನ್ನು ಕಾಯಿಸಿ ಮೊಸರಿಗೆ ಹಾಕುತ್ತೇವೆ.